ಕಲಬುರಗಿಯಲ್ಲಿ ಹಳೇ ಮನೆಯನ್ನು ಒಳಗೂ ಹೊರಗೂ ಹೊಸದು ಮಾಡುವುದು: ಮಾಳಿಗೆಯಿಂದ ಗೇಟಿನವರೆಗೆ

ಅಪ್ಪ ಈ ಮನೆ ಕಟ್ಟಿಸಿದ್ದು 1994ರಲ್ಲಿ, ಜೇವರ್ಗಿ ರಸ್ತೆಯ ಕಡೆ. ಆಗ ಪಕ್ಕದಲ್ಲಿ ಇನ್ನೂ ತೊಗರಿ ಹೊಲ ಇತ್ತು. ನೆಲ ಎರೆ, ಅಂದರೆ ಕಪ್ಪು ಮಣ್ಣು, ಒಳಗೆ ಹಾಸಿದ್ದು ಶಹಾಬಾದಿ ಫರಸಿ ಕಲ್ಲು, ಪಶ್ಚಿಮಕ್ಕೆ ಎರಡು ಮಲಗುವ ಕೋಣೆ. ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಪಶ್ಚಿಮದ ಗೋಡೆಗೆ ಕೈ ಇಟ್ಟರೆ ಬಿಸಿ ಹೊಡೆಯುತ್ತಿತ್ತು. ಹೋದ ವರ್ಷ ಏಪ್ರಿಲ್‌ನಲ್ಲಿ ಮನೆಯವರೆಲ್ಲ ಕೂತು, ಇದನ್ನು ಪೂರ್ತಿ ಚೊಲೋ ಮಾಡೋಣ, ಕೈ ಬಿಗಿ ಹಿಡಿಯೋದು ಬೇಡ ಅಂತ ನಿರ್ಧಾರ ಮಾಡಿದೆವು. ಈಗ ಹದಿನಾಲ್ಕು ತಿಂಗಳಾಗಿದೆ. ಒಳಗಿನ ಕೆಲಸ ಮುಗಿದಿದೆ, ಹೊರಗಿನದು ಅರ್ಧಕ್ಕಿಂತ ಜಾಸ್ತಿ ಆಗಿದೆ. ನಾವು ಯಾವ ಕ್ರಮದಲ್ಲಿ ಮಾಡಿದೆವು, ಯಾಕೆ ಆ ಕ್ರಮ, ಎಲ್ಲಿ ಏಟು ತಿಂದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ಬಜೆಟ್ ಅಂದ ಕೂಡಲೇ ಎಲ್ಲರೂ ಮೊದಲು ಟೈಲ್ಸ್ ಅಂಗಡಿಗೆ ಹೋಗುತ್ತಾರೆ. ಅದು ಕೊನೆಗೆ ಹೋಗಬೇಕಾದ ಅಂಗಡಿ. ನಮ್ಮ ಕಡೆ ಮನೆಯನ್ನು ತಿನ್ನೋದು ಬಿಸಿಲು, ಎರೆ ಮಣ್ಣು, ಗಡಸು ನೀರು. ದುಡ್ಡು ಮೊದಲು ಇವುಗಳ ಕೆಲಸಕ್ಕೆ ಹೋಗಬೇಕು, ಉಳಿದಿದ್ದು ಚಂದಕ್ಕೆ. ನಮ್ಮ ಖರ್ಚಿನಲ್ಲಿ ಮೂರರಲ್ಲಿ ಒಂದು ಪಾಲು ಈಗ ಕಣ್ಣಿಗೇ ಕಾಣುವುದಿಲ್ಲ. ಆದರೆ ಮನೆಯಲ್ಲಿ ಕಾಲಿಟ್ಟ ಕೂಡಲೇ ಗೊತ್ತಾಗೋದು ಅದೇ ಪಾಲು.

ಮೊದಲ ಹೆಜ್ಜೆ: ಒಂದು ಮಳೆಗಾಲ ಸುಮ್ನೆ ನೋಡಿ

ಏನೂ ಒಡೆಯಬೇಡಿ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಟೇಪು ಸಾಕು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊಲದಲ್ಲಿ ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತಲ್ಲ, ಅದೇ ಮಣ್ಣು ನಿಮ್ಮ ಬುನಾದಿಯ ಕೆಳಗೂ ಇದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿನ ಮೇಲೆ ಅಡ್ಡಡ್ಡ ಒಂದು ತೆಳ್ಳಗಿನ ಗಾಜಿನ ಪಟ್ಟಿ ಇಟ್ಟು, ಎರಡೂ ಬದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ ಕೂಡಿಸಿ. ಗೋಡೆ ಇನ್ನೂ ಆಡುತ್ತಿದ್ದರೆ ಗಾಜು ಪಟಕ್ಕನೆ ಸೀಳುತ್ತದೆ. ಬರೀ ಹಳೇ ಬಿರುಕಾದರೆ ಗಾಜು ಹಾಗೇ ಇರುತ್ತದೆ.

ನಾವು ನಾಲ್ಕು ಕಡೆ ಗಾಜು ಇಟ್ಟೆವು. ಮೂರು ಉಳಿದವು. ನಾಲ್ಕನೆಯದು, ಬಚ್ಚಲಿನ ಹಿಂದಿನ ಗೋಡೆಯದು, ಆಗಸ್ಟ್‌ನಲ್ಲಿ ಸೀಳಿತು. ಅಗೆದು ನೋಡಿದರೆ ಕೊಳಚೆ ನೀರಿನ ಹಳೇ ಚೇಂಬರ್ ಸೋರಿ ಬುನಾದಿಯ ಮಗ್ಗುಲಲ್ಲೇ ಮಣ್ಣು ವರ್ಷವಿಡೀ ಹಸಿ ಇತ್ತು. ಮನೆಯ ಒಂದು ಮೂಲೆ ಹಸಿ ಮಣ್ಣಿನ ಮೇಲೆ, ಉಳಿದದ್ದು ಒಣ ಮಣ್ಣಿನ ಮೇಲೆ. ಗೋಡೆ ಸೀಳದೆ ಏನು ಮಾಡುತ್ತದೆ? ಚೇಂಬರನ್ನು ದೂರಕ್ಕೆ ಸರಿಸಿ ಹೊಸ ಪೈಪ್ ಹಾಕಿಸಿದ ಮೇಲೆ ಇಟ್ಟ ಇನ್ನೊಂದು ಗಾಜು ಇವತ್ತಿಗೂ ಗಟ್ಟಿಯಾಗಿದೆ. ಇದನ್ನು ನೋಡದೆ ಆ ಬಿರುಕಿಗೆ ಪುಟ್ಟಿ ಮೆತ್ತಿ ಮೇಲೆ ವಾಲ್‌ಪೇಪರ್ ಅಂಟಿಸಿದ್ದರೆ ಮುಂದಿನ ಮಳೆಗೆ ಎಲ್ಲ ಹೋಗುತ್ತಿತ್ತು.

ಇದೇ ಹೊತ್ತಿನಲ್ಲಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ನ್ನು ಕರೆಸಿ. ಒಳಾಂಗಣ ಮಾಡುವವರು ಬೇರೆ, ಇವರು ಬೇರೆ. ಯಾವ ಗೋಡೆ ತೆಗೆಯಬಹುದು, ಯಾವುದನ್ನು ಮುಟ್ಟಬಾರದು ಅನ್ನೋದನ್ನು ಬರೆದುಕೊಡಲಿ. ಸುತ್ತಿಗೆಯಿಂದ ಸ್ಲ್ಯಾಬಿನ ತಳ ತಟ್ಟಿಸಿ. ಟೊಳ್ಳು ಸಪ್ಪಳ ಬಂದ ಕಡೆ ಒಳಗೆ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟನ್ನು ತಳ್ಳುತ್ತಿರುತ್ತದೆ. ಅಲ್ಲಿ ಸಡಿಲಾಗಿದ್ದನ್ನೆಲ್ಲ ಕೆತ್ತಿ, ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ತುಕ್ಕು ತಡೆಯೋ ಪ್ರೈಮರ್ ಹೊಡೆದು, ಪಾಲಿಮರ್ ಗಾರೆಯಿಂದ ತುಂಬಬೇಕು. ಮೇಲೆ ಫಾಲ್ಸ್ ಸೀಲಿಂಗ್ ಬರುತ್ತಲ್ಲ, ಕಾಣಿಸೋದಿಲ್ಲ ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮೇಲೆ ಅಂತಸ್ತು ಏರಿಸೋದು, ಹೊರಕ್ಕೆ ಕೋಣೆ ಚಾಚೋದು ಇದ್ದರೆ ಮಹಾನಗರ ಪಾಲಿಕೆಯಲ್ಲಿ ವಿಚಾರಿಸಿ, ಪರವಾನಗಿ ಕೈಗೆ ಬಂದ ಮೇಲೇ ಕೆಲಸ ಶುರು ಮಾಡಿ.

ಕ್ಯಾಲೆಂಡರ್ ಮೊದಲು, ಕರಾರು ಆಮೇಲೆ

ಬೇರೆ ಊರಿನ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಅಕ್ಟೋಬರ್ ನಂಬೋ ಹಾಗಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದ್ದನ್ನು ನಾವೆಲ್ಲ ನೋಡಿದ್ದೇವೆ. ಡಿಸೆಂಬರ್, ಜನವರಿಗೆ ತೊಗರಿ ರಾಶಿ, ಹಳ್ಳಿಯಿಂದ ಬರುವ ಕೆಲಸದವರು ಊರಿಗೆ ಹೋಗೇ ಹೋಗುತ್ತಾರೆ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ. ಬಂದೇನವಾಜರ ಉರುಸು ಬರುವ ದಿನಗಳನ್ನೂ ಗುರುತು ಹಾಕಿ. ಈ ದಿನಗಳಲ್ಲಿ ಕೆಲಸ ನಿಲ್ಲುತ್ತದೆ ಅಂತ ಮೊದಲೇ ಒಪ್ಪಿಕೊಂಡು ಕರಾರು ಬರೆಯಿರಿ. ಆಗ ಜಗಳ ಇಲ್ಲ, ಗೌಂಡಿಗೂ ಸಮಾಧಾನ.

ದುಡ್ಡು ಕೆಲಸದ ಹಂತ ನೋಡಿ ಕೊಡಿ, ತಿಂಗಳ ಲೆಕ್ಕದಲ್ಲಿ ಬೇಡ. ಮಾಳಿಗೆಯ ನೀರಿನ ಪರೀಕ್ಷೆ ಪಾಸಾದ ಮೇಲೆ ಇಷ್ಟು, ಪೈಪಿನ ಒತ್ತಡದ ಪರೀಕ್ಷೆ ಆದ ಮೇಲೆ ಇಷ್ಟು. ನೂರಕ್ಕೆ ಹತ್ತು ರೂಪಾಯಿ ಮೊದಲ ದೊಡ್ಡ ಮಳೆ ಬಂದು ಹೋಗುವ ತನಕ ನಿಮ್ಮ ಹತ್ತಿರವೇ ಇರಲಿ. ನಾವು ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ, ಬರೆದು, ಸಹಿ ಮಾಡಿಸಿದೆವು. ಒಳ್ಳೆ ಕೆಲಸಗಾರ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾಳಿಗೆ

ಕೆಲಸ ಮೇಲಿಂದ ಕೆಳಗೆ ಬರಬೇಕು. ಮಾಳಿಗೆ ಸೋರುತ್ತಿರುವಾಗ ಕೆಳಗೆ ಮಾಡಿಸಿದ ಯಾವ ಕೆಲಸವೂ ಉಳಿಯುವುದಿಲ್ಲ.

ಆರು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರರು ನಮ್ಮ ಹಳೇ ಕೋಬಾ (ಸೋರದಿರಲೆಂದು ಇಟ್ಟಿಗೆ ಚೂರು, ಗಾರೆಯಿಂದ ಹಾಕುವ ಪದರ) ಮೇಲೇ ಇನ್ನೊಂದು ಪದರ ಹಾಕಿ ಹೋಗಿದ್ದರು. ಎರಡೂ ಪದರದ ನಡುವೆ ನೀರು ನಿಂತು, ತೂತು ಇದ್ದಿದ್ದು ಒಂದು ಕಡೆ, ಸೋರಿದ್ದು ಮೂರನೇ ಕೋಣೆಯಲ್ಲಿ. ಜೊತೆಗೆ ಸ್ಲ್ಯಾಬಿನ ಮೇಲೆ ಎಷ್ಟು ಭಾರ ನೋಡಿ. ಈ ಸಲ ಎರಡನ್ನೂ ಕಿತ್ತು ಸ್ಲ್ಯಾಬಿನ ತನಕ ಹೋದೆವು. ಅದೇ ಸರಿ.

ಸ್ಲ್ಯಾಬಿನ ಬಿರುಕು ತುಂಬಿ, ಗೋಡೆ ಮಾಳಿಗೆ ಸೇರುವ ಮೂಲೆಗೆ ಗಾರೆಯಿಂದ ಇಳಿಜಾರು ಗೋಲ ಕಟ್ಟಿ, ಅದರ ಮೇಲೆ ವಾಟರ್‌ಪ್ರೂಫಿಂಗ್ ಪೊರೆ, ಪ್ಯಾರಾಪೆಟ್ ಗೋಡೆಯ ಮೇಲೂ ಒಂದು ಅಡಿ ಹತ್ತಬೇಕು. ಆಮೇಲೆ ನೀರು ಕಟ್ಟಿ 48 ಗಂಟೆ ಬಿಡಿ. ಕೆಳಗಿನ ಪ್ರತಿ ಕೋಣೆಯಲ್ಲಿ ಟಾರ್ಚ್ ಹಿಡಿದು ಸೀಲಿಂಗ್ ನೋಡಿ, ರಾತ್ರಿನೂ ನೋಡಿ. ಪಾಸಾದ ಮೇಲೆ ಬಿಸಿಲಿನ ಕೆಲಸ: ನಾವು ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆ (ಕಾವು ತಡೆಯುವ ಗಟ್ಟಿ ಫೋಮ್) ಹಾಸಿ, ಮೇಲೆ ಕಾಂಕ್ರೀಟ್ ಹಾಕಿ, ಬಿಳಿ ಟೈಲ್ಸ್ ಕೂಡಿಸಿದೆವು. ಇಳಿಜಾರು ನೂರಕ್ಕೆ ಒಂದಾದರೂ ಇರಲಿ, ಅಂದರೆ ನೂರು ಅಡಿಗೆ ಒಂದು ಅಡಿ. ನೀರು ಇಳಿಯುವ ಪೈಪು ನಾಲ್ಕು ಇಂಚಿಗಿಂತ ಸಣ್ಣದು ಬೇಡ. ನಮ್ಮ ಮಳೆ ಬಂದರೆ ಒಂದೇ ಸಲ ಸುರಿಯುತ್ತದೆ, ಅಲ್ವಾ?

ಫಲ ಏನು ಅಂದರೆ, ಈ ಮೇನಲ್ಲಿ ಮೇಲಿನ ಕೋಣೆಯ ಫ್ಯಾನು ಬಿಸಿ ಗಾಳಿ ಊದಲಿಲ್ಲ. ಅದಕ್ಕೇ ಎಸಿ ಎಷ್ಟು ಟನ್ ಬೇಕು ಅನ್ನೋ ಲೆಕ್ಕವನ್ನು ಮಾಳಿಗೆ ಮತ್ತು ಪಶ್ಚಿಮದ ಗೋಡೆ ಮುಗಿದ ಮೇಲೆ ಮಾಡಿ. ಮೊದಲೇ ತಂದಿಟ್ಟರೆ ದೊಡ್ಡದನ್ನೇ ತರುತ್ತೀರಿ.

ಮಾಳಿಗೆಯ ನೀರನ್ನೂ ಬಿಡಬೇಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮದು 1200 ಚದರ ಅಡಿ ಮಾಳಿಗೆ, ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ ಐದೂವರೆ ಸಾವಿರ ಲೀಟರ್ ಬೀಳುತ್ತದೆ, ಅದೂ ಮೆತ್ತಗಿನ ನೀರು. ಮೊದಲ ಮಳೆಯ ಧೂಳಿನ ನೀರು ಹೊರಗೆ ಬಿಟ್ಟು, ಉಳಿದಿದ್ದನ್ನು ಜಾಲರಿ ದಾಟಿಸಿ ಟ್ಯಾಂಕಿಗೆ ಬಿಡಿ. ಟ್ಯಾಂಕು ಮಾತ್ರ ಬುನಾದಿಯಿಂದ ದೂರ ಇರಬೇಕು. ಎರೆಯಲ್ಲಿ ಸೋರುವ ಟ್ಯಾಂಕು ಸೋರುವ ಚೇಂಬರಿಗಿಂತ ಕೆಟ್ಟದ್ದು.

ಮನೆಯ ಬುಡ ಮತ್ತು ಪಶ್ಚಿಮದ ಗೋಡೆ

ಬುಡದಿಂದ ಹೇಳುತ್ತೇನೆ. ಮನೆಯ ಸುತ್ತ ಮೂರು ಅಡಿ ಅಗಲದ ಕಟ್ಟೆ ಹಾಕಿಸಿ, ಹೊರಕ್ಕೆ ಇಳಿಜಾರು ಇರಲಿ. ಕಟ್ಟೆ ಮತ್ತು ಗೋಡೆ ಸೇರುವ ಸಂದಿಯನ್ನು ರಬ್ಬರಿನ ಹಾಗೆ ಹಿಗ್ಗುವ ಸೀಲೆಂಟ್‌ನಿಂದ ಮುಚ್ಚಿ, ಯಾಕೆಂದರೆ ಅಲ್ಲಿ ಸಿಮೆಂಟು ನಿಲ್ಲುವುದಿಲ್ಲ. ಕೆಲಸ ಇಷ್ಟೇ, ಆದರೆ ಎರೆ ನೆಲದ ಮನೆಗೆ ಇದಕ್ಕಿಂತ ಒಳ್ಳೆ ಖರ್ಚು ಇನ್ನೊಂದಿಲ್ಲ. ಬುನಾದಿ ಮಗ್ಗುಲ ಮಣ್ಣು ವರ್ಷವಿಡೀ ಒಂದೇ ಹದದಲ್ಲಿ ಇದ್ದರೆ ಗೋಡೆ ಆಡುವುದಿಲ್ಲ. ಮನೆಗೆ ಅಂಟಿಕೊಂಡ ಹೂವಿನ ಪಾತಿ, ಗೋಡೆ ಪಕ್ಕದ ದೊಡ್ಡ ಗಿಡ, ಎರಡೂ ಬೇಡ. ಅವ್ವನ ಮಲ್ಲಿಗೆ ಪಾತಿ ಸರಿಸಬೇಕಾದಾಗ ಅವಳಿಗೆ ಬಹಳ ಬೇಜಾರಾಯಿತು, ನಮಗೂ. ಕಟ್ಟೆಯ ಆಚೆ ಹೊಸ ಪಾತಿ ಮಾಡಿದೆವು, ಈಗ ಚಿಗುರಿದೆ.

ನಮ್ಮ ಗೌಂಡಿ ಮೊದಲ ದಿನ ಮನೆ ಸುತ್ತ ಒಂದು ಸುತ್ತು ಹಾಕಿ ಹೇಳಿದ ಮಾತು ಇನ್ನೂ ನೆನಪಿದೆ: "ಅಣ್ಣಾರ, ನೀರು ಎಲ್ಲಿಂದ ಬರ್ತದ, ಎಲ್ಲಿಗಿ ಹೋಗ್ತದ, ಅದು ಮೊದಲ ತೋರಸ್ರಿ. ಬಣ್ಣದ್ದು ಆಮ್ಯಾಲ ಮಾತಾಡೋಣು."

ಈಗ ಪಶ್ಚಿಮ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಕೆಳಗಿಳಿದು ಬರುತ್ತದೆ, ಕಿಟಕಿಯ ಛಜ್ಜಾ ಎಷ್ಟು ಉದ್ದ ಮಾಡಿದರೂ ಅದನ್ನು ತಡೆಯಲಾರದು. ಬಿಸಿಲನ್ನು ಗೋಡೆಗೆ ಮುಟ್ಟುವ ಮೊದಲೇ ನಿಲ್ಲಿಸಬೇಕು. ನಾವು ಗೋಡೆಯಿಂದ ಎರಡು ಅಡಿ ಬಿಟ್ಟು ಕಬ್ಬಿಣದ ಚೌಕಟ್ಟು ಮಾಡಿ, ಅದರಲ್ಲಿ ಸುಟ್ಟ ಮಣ್ಣಿನ ಜಾಲರಿ ಕೂಡಿಸಿದೆವು. ನಡುವಿನ ಸಂದಿಯಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗಿಬಿಡುತ್ತದೆ. ಚೌಕಟ್ಟನ್ನು ಎಂಜಿನಿಯರ್ ಲೆಕ್ಕ ಹಾಕಿ ಮನೆಯ ಬೀಮಿಗೇ ಬೋಲ್ಟ್ ಮಾಡಿಸಿದರು. ಎರೆಯಲ್ಲಿ ಬೇರೆ ಗುಂಡಿ ತೋಡಿ ಕಂಬ ನಿಲ್ಲಿಸಿದ್ದರೆ ಮನೆ ಒಂದು ಕಡೆ, ಕಂಬ ಇನ್ನೊಂದು ಕಡೆ ಎಳೆಯುತ್ತಿತ್ತು.

ಬೆಳಕು ಬೇಕು, ಬಿಸಿಲು ಬೇಡ ಅನ್ನುವುದು ಹೇಗೆ ಅಂತ ನೋಡಬೇಕಾದರೆ ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ಮಧ್ಯಾಹ್ನ ಹೋಗಿ ಬನ್ನಿ. 1367ರದ್ದು. ಬಯಲು ಅಂಗಳವೇ ಇಲ್ಲ, ಪೂರ್ತಿ ಮೇಲೆ ಛಾವಣಿ, ಪಕ್ಕದ ಅಗಲ ಕಮಾನುಗಳಿಂದ ಬೆಳಕು ಬರುತ್ತದೆ. ನಮ್ಮ ಆರ್ಕಿಟೆಕ್ಟ್ ಜೊತೆ ಅಲ್ಲಿ ಒಂದು ತಾಸು ನಿಂತ ಮೇಲೆ ದೊಡ್ಡ ಗಾಜಿನ ಗೋಡೆಯ ಆಸೆ ನಾನು ಬಿಟ್ಟೆ.

ವೈರು, ಪೈಪು

ಇಲ್ಲಿ ಚೌಕಾಸಿ ಮಾಡಬೇಡಿ. ಲೈಟಿಗೆ 1.5 ಚದರ ಮಿಲಿಮೀಟರ್, ಪ್ಲಗ್ಗಿಗೆ 2.5, ಎಸಿ ಮತ್ತು ಗೀಸರಿಗೆ 4, ಎಲ್ಲ ತಾಮ್ರ, ಎಸಿಗೆ ಬೇರೆಯದೇ ಲೈನು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲೇಬೇಕು, ಶಾಕ್ ಹೊಡೆದಾಗ ಜೀವ ಉಳಿಸೋದು ಅದು. ಹಳೇ ಅರ್ತಿಂಗ್ ಗುಂಡಿಯನ್ನು ನಂಬದೆ ಹೊಸದು ಮಾಡಿಸಿ, ಅಳತೆ ಮಾಡಿಸಿ ಬರೆಸಿಕೊಳ್ಳಿ. ಎಸಿ, ಇಂಡಕ್ಷನ್ ಎಲ್ಲ ಸೇರಿ ಲೋಡ್ ಏರುತ್ತದೆ, ವಿದ್ಯುತ್ ಕಂಪನಿ ಜೆಸ್ಕಾಂಗೆ ಮೊದಲೇ ಅರ್ಜಿ ಹಾಕಿ.

ನೀರಿಗೆ ಬಿಸಿ ತಣ್ಣಗೆ ಎರಡಕ್ಕೂ ಸಿಪಿವಿಸಿ (ಬಿಸಿ ನೀರು ತಡೆಯುವ ಪ್ಲಾಸ್ಟಿಕ್) ಪೈಪ್ ಹಾಕಿದೆವು. ಗೋಡೆ ಮುಚ್ಚುವ ಮೊದಲು ಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಿ, ಬೆಳಗ್ಗೆ ಮೀಟರಿನ ಮುಳ್ಳು ಅಲ್ಲೇ ಇರಬೇಕು. ನಮ್ಮಲ್ಲಿ ಮೊದಲ ಸಲ ಮುಳ್ಳು ಇಳಿದಿತ್ತು. ಅಡುಗೆಮನೆಯ ಒಂದು ಎಲ್ಬೋದಲ್ಲಿ ಸೊಲ್ಯೂಶನ್ ಸರಿಯಾಗಿ ಹಚ್ಚಿರಲಿಲ್ಲ. ಟೈಲ್ಸ್ ಬಿದ್ದ ಮೇಲೆ ಇದು ಗೊತ್ತಾಗಿದ್ದರೆ ಗೋಡೆ ಒಡೆಯಬೇಕಿತ್ತು. ಎಸಿ ನೀರು ಹೋಗುವ ಪೈಪನ್ನೂ ಇದೇ ಹೊತ್ತಿನಲ್ಲಿ ಇಳಿಜಾರು ಕೊಟ್ಟು ಗೋಡೆಯೊಳಗೆ ಹಾಕಿಸಿ.

ಬೋರಿನ ನೀರು ಗಡಸು ಇರುವ ಮನೆಗೆ ಸಾಫ್ಟನರ್ ಬೇಕು. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಆಗಾಗ ಉಪ್ಪಿನ ನೀರಿನಿಂದ ತೊಳೆದುಕೊಳ್ಳುತ್ತದೆ, ಆ ನೀರು ಚರಂಡಿಗೆ ಹೋಗಲಿ, ಗಿಡಕ್ಕೂ ಬುನಾದಿಗೂ ಬೇಡ. ಕಪ್ಪು ಬಣ್ಣದ ನಲ್ಲಿಗಳು ಶೋರೂಮಲ್ಲಿ ಬಹಳ ಚಂದ ಕಾಣುತ್ತವೆ, ಗಡಸು ನೀರು ಬಿದ್ದರೆ ಎರಡೇ ವಾರದಲ್ಲಿ ಬಿಳಿ ಚುಕ್ಕೆ. ಬ್ರಷ್ಡ್ ಸ್ಟೀಲ್ ತಗೊಳ್ಳಿ.

ಒಂದು ಕೆಲಸ ಮರೆಯಬೇಡಿ. ಗಿಲಾವು (ಗೋಡೆಯ ಪ್ಲಾಸ್ಟರ್) ಬೀಳುವ ಹಿಂದಿನ ದಿನ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆಯಿರಿ, ಮೂಲೆಯಿಂದ ಪೈಪು ಎಷ್ಟು ಇಂಚು, ನೆಲದಿಂದ ವೈರು ಎಷ್ಟು ಇಂಚು ಅಂತ ಕಾಣಬೇಕು. ನಮ್ಮ ಫೋನಿನಲ್ಲಿ ಅಂಥ 212 ಫೋಟೋ ಇವೆ. ಹೋದ ವಾರ ಪರದೆಯ ಪಟ್ಟಿ ಹೊಡೆಯಲು ಬಂದವರು ಡ್ರಿಲ್ ಇಟ್ಟ ಜಾಗದಲ್ಲೇ ಗೀಸರ್ ಪೈಪು ಇತ್ತು. ಫೋಟೋ ನೋಡಿ ನಾಲ್ಕು ಇಂಚು ಸರಿಸಿದರು.

ಗಿಲಾವು, ಬಚ್ಚಲು

ಗಿಲಾವು ಆದಷ್ಟು ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ. ಏಪ್ರಿಲ್ ಬಿಸಿಲಲ್ಲಿ ಹಚ್ಚಿದ್ದು ನೀರು ಕುಡಿಯುವ ಮೊದಲೇ ಒಣಗಿ ಬೂದಿಯಾಗುತ್ತದೆ. ಕನಿಷ್ಠ ಏಳು ದಿನ ನೀರು ಹೊಡೆಯಬೇಕು, ಕಾಂಕ್ರೀಟ್ ಆದರೆ ನಮ್ಮ ಬಿಸಿಲಿಗೆ ಹತ್ತರಿಂದ ಹದಿನಾಲ್ಕು ದಿನ, ಗೋಣಿ ಚೀಲ ಹೊದಿಸಿ ಅದನ್ನು ಹಸಿ ಇಡಬೇಕು. ನೀರು ಹೊಡೆಯುವ ಕೆಲಸಕ್ಕೆ ಒಬ್ಬರನ್ನು ಹೆಸರು ಹಿಡಿದು ಗೊತ್ತು ಮಾಡಿ. ಎಲ್ಲರ ಕೆಲಸ ಅಂದರೆ ಯಾರೂ ಮಾಡುವುದಿಲ್ಲ. ನಮ್ಮಲ್ಲಿ ಅದು ಅಪ್ಪ, ಬೆಳಗ್ಗೆ ಆರಕ್ಕೆ ಮತ್ತು ಸಂಜೆ ಐದಕ್ಕೆ ಪೈಪು ಹಿಡಿದು ನಿಲ್ಲುತ್ತಿದ್ದರು.

ಬಚ್ಚಲಿಗೂ ಮಾಳಿಗೆಯ ನಿಯಮವೇ: ವಾಟರ್‌ಪ್ರೂಫಿಂಗ್, ಎರಡು ದಿನ ನೀರು ಕಟ್ಟುವುದು, ಆಮೇಲೆ ಟೈಲ್ಸ್. ಟೈಲ್ಸ್ ಒಣಗಿದ ಮೇಲೆ ಒಂದು ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಇದ್ದರೆ ಅವತ್ತೇ ಕೀಳಿಸಿ. ಗೆದ್ದಲಿನ ಔಷಧಿಯನ್ನೂ ನೆಲದ ಕೆಲಸಕ್ಕೆ ಮೊದಲೇ, ಗೋಡೆ ನೆಲ ಸೇರುವ ಸಾಲಿನಲ್ಲಿ ಅಡಿಗೊಂದು ತೂತು ಹೊಡೆದು ಹಾಕಿಸಬೇಕು.

ಫರಸಿ ಕೀಳಬೇಡಿ

ಇಲ್ಲಿ ನನ್ನ ಅಭಿಪ್ರಾಯ ಬಹಳ ಗಟ್ಟಿ. ಶಹಾಬಾದಿ ಕಲ್ಲು ನಮ್ಮ ನೆಲದ್ದು. ವಾಡಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆ ಬಂದಿದ್ದೂ ಇದೇ ಸುಣ್ಣದ ಕಲ್ಲಿನಿಂದ. ಮೂವತ್ತು ವರ್ಷ ಕಾಲು ಉಜ್ಜಿದ ಫರಸಿಯನ್ನು ಕಿತ್ತು ಹೊರಗಿನ ಮಾರ್ಬಲ್ ಹಾಕುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸರಿಯಾಗಿ ಪಾಲಿಶ್ ಆದ ಫರಸಿ ಮಳೆಗಾಲದ ಮೋಡದ ಬಣ್ಣ ಬರುತ್ತದೆ, ಮೇನಲ್ಲಿ ಬರಿಗಾಲಿಗೆ ತಂಪು.

ಮೊದಲು ಒಡೆದ ಕಲ್ಲು ಮಾತ್ರ ಬದಲಿಸಿ. ಹೊಸ ಕಲ್ಲಿನ ಬಣ್ಣ ಹೊಂದದಿದ್ದರೆ ಮಂಚ, ಕಪಾಟಿನ ಕೆಳಗಿನ ಹಳೇ ಕಲ್ಲನ್ನು ನಡುಮನೆಗೆ ತಂದು, ಹೊಸದನ್ನು ಅಲ್ಲಿ ಹಾಕಿ. ಆಮೇಲೆ ಸಂದಿಯ ಹಳೇ ಸಿಮೆಂಟನ್ನು ಕೆರೆದು ಹೊಸ ಗ್ರೌಟ್ ತುಂಬಿ, ಡೈಮಂಡ್ ಪ್ಯಾಡಿನ ಯಂತ್ರದಿಂದ 50ರಿಂದ ಶುರು ಮಾಡಿ 100, 200, 400, 800, 1500ರ ತನಕ ಉಜ್ಜಬೇಕು. ನಡುವೆ ಒಂದು ನಂಬರ್ ಹಾರಿಸಿದರೂ ಹಿಂದಿನ ಗೀರು ಉಳಿದು, ಸಂಜೆ ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಗೋಲ ಗೋಲ ಕಾಣುತ್ತದೆ. ನಾವು 800ಕ್ಕೇ ನಿಲ್ಲಿಸಿದೆವು, ಕನ್ನಡಿ ಹೊಳಪು ಬೇಡವಾಗಿತ್ತು, ವಯಸ್ಸಾದವರು ಜಾರುತ್ತಾರೆ. ಉಜ್ಜಿದ ರಾಡಿ ನೀರನ್ನು ಬಕೆಟ್‌ಗೆ ತುಂಬಿ ಹೊರಗೆ ಹಾಕಿಸಿ, ಮೋರಿಗೆ ಬಿಟ್ಟರೆ ಅಲ್ಲೇ ಕಲ್ಲಾಗುತ್ತದೆ.

ಸುಣ್ಣದ ಕಲ್ಲಿಗೆ ಹುಳಿ ಶತ್ರು. ಉಳಿದ ಒಂದು ತುಂಡಿನ ಮೇಲೆ ನಿಂಬೆ ರಸದ ಒಂದು ಹನಿ ಬಿಟ್ಟು ನೋಡಿ. ಸಣ್ಣ ಗುಳ್ಳೆ ಏಳುತ್ತದೆ, ಒರೆಸಿದರೆ ಆ ಜಾಗ ಮಂಕು. ಆ್ಯಸಿಡ್ ಹಾಕಿ ನೆಲ ತೊಳೆಯುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ಬಿಡಿ. ಪಾಲಿಶ್ ಆದ ಮೇಲೆ ಕಲ್ಲಿನೊಳಗೆ ಇಳಿಯುವ ಸೀಲರ್ ಹಚ್ಚಿ. ಮೇಲೆ ಪ್ಲಾಸ್ಟಿಕ್ಕಿನ ಹಾಗೆ ಕೂರುವ ಕೋಟಿಂಗ್ ಬೇಡ, ನೆಲದ ತೇವ ಹೊರಗೆ ಬರಲಾಗದೆ ಬಿಳಿ ಸವಳು ಏಳುತ್ತದೆ.

ಅಡುಗೆಮನೆ: ರೊಟ್ಟಿ ಕಟ್ಟೆಯಿಂದ ಶುರು

ಮಾಡ್ಯುಲರ್ ಕಿಚನ್ ಮಾಡುವವರ ಚಿತ್ರದಲ್ಲಿ ಎಲ್ಲ ಇತ್ತು, ಜೋಳದ ರೊಟ್ಟಿ ಬಡಿಯುವ ಜಾಗ ಇರಲಿಲ್ಲ. ದಿನಾ ಹದಿನೈದು ಇಪ್ಪತ್ತು ರೊಟ್ಟಿ ಬಡಿಯುವ ಮನೆ ನಮ್ಮದು. ಪ್ಲೈವುಡ್ ಡಬ್ಬಿಗಳ ಮೇಲೆ ಕೂಡಿಸಿದ ಗ್ರಾನೈಟ್ ಆ ಏಟಿಗೆ ಅದುರುತ್ತದೆ, ಸಂದಿ ಬಿಡುತ್ತದೆ. ಅದಕ್ಕೆ ಒಲೆಯ ಪಕ್ಕ ಎರಡೂವರೆ ಅಡಿ ಅಗಲದ ಜಾಗವನ್ನು ಇಟ್ಟಿಗೆಯಲ್ಲೇ ಕಟ್ಟಿ, ಮೇಲೆ ದಪ್ಪ ಕಲ್ಲು ಹಾಸಿ ಎಂದೆವು.

ಎತ್ತರ ಎಷ್ಟು? ಖಾಲಿ ಅಡುಗೆಮನೆಯಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಒಂದು ಫರಸಿ ತುಂಡು ಇಟ್ಟು, ಅವ್ವನಿಗೆ ನಿಜವಾದ ಹಿಟ್ಟು ಕೊಟ್ಟು ಬಡಿಯಲು ಹೇಳಿದೆವು. 34 ಇಂಚಿಗೆ ಭುಜ ಎತ್ತಿದಳು. ಒಂದು ಸಾಲು ತೆಗೆದೆವು. "ಇನ್ನೂ ಒಂಚೂರು ಇಳಸು" ಅಂದಳು. 28ಕ್ಕೆ ಬಂದಾಗ ಏನೂ ಹೇಳದೆ ಎರಡನೇ ರೊಟ್ಟಿ ಶುರು ಮಾಡಿದಳು, ಅದೇ ಎತ್ತರ ಗಟ್ಟಿಯಾಯಿತು. ಉಳಿದ ಕಟ್ಟೆ 34 ಇಂಚೇ ಇದೆ. ರೊಟ್ಟಿ ಕಟ್ಟೆಯ ಕೆಳಗೆ ಡ್ರಾಯರ್ ಬೇಡ, ಹಿಟ್ಟು ಅದರ ಹಳಿಗೆ ಇಳಿಯುತ್ತದೆ, ಹಿಟ್ಟಿನ ಡಬ್ಬಿ ಇಡಲು ತೆರೆದ ಗೂಡು ಸಾಕು. ಉಳಿದ ಕಡೆ ನೀರು ತಡೆಯುವ ಬಿಡಬ್ಲ್ಯೂಪಿ ಪ್ಲೈವುಡ್, ಐಎಸ್ 710 ಗುರುತು ಹಲಗೆಯ ಮೇಲೇ ಇರುತ್ತದೆ, ನೋಡಿ ತಗೊಳ್ಳಿ.

ಬಾಗಿಲು, ಬಣ್ಣ

ಹಳೇ ಸಾಗುವಾನಿ ಚೌಕಟ್ಟು ಗಟ್ಟಿ ಇದ್ದರೆ ಬಣ್ಣ ಕೆರೆದು ಎಣ್ಣೆ ಪಾಲಿಶ್ ಮಾಡಿಸಿ, ಅಷ್ಟು ಹಳತಾದ ಕಟ್ಟಿಗೆ ಈಗ ಸಿಗುವುದು ಕಷ್ಟ. ದೇವರ ಕೋಣೆಯ ಬಾಗಿಲಿಗೆ ಬೀದರಿನಿಂದ ನಾಲ್ಕು ಬಿದ್ರಿ ಫಲಕ ತಂದು ಕೂಡಿಸಿದೆವು, ಕಪ್ಪು ಸತುವಿನ ಮೇಲೆ ಬೆಳ್ಳಿ ತಂತಿಯ ಬಳ್ಳಿ. ಕೈ ಮುಟ್ಟುವ ಹಿಡಿಕೆಗೆ ಅದನ್ನು ಹಾಕಬೇಡಿ, ಬೆವರಿಗೆ ಮಂಕಾಗುತ್ತದೆ.

ಗಿಲಾವು ಆಗಿ 28 ದಿನ ಕಳೆಯದೆ ಬಣ್ಣ ಬೇಡ. ಹೊರಗೆ ತಿಳಿ ಬಣ್ಣವೇ ಇರಲಿ, ಸಣ್ಣ ಬಿರುಕನ್ನು ಹಿಗ್ಗಿ ಮುಚ್ಚುವ ಇಲಾಸ್ಟಿಕ್ ಜಾತಿಯದು. ಉರಿ ಬಿಸಿಲು ಬಿದ್ದ ಗೋಡೆಗೆ ಹೊಡೆಸಬೇಡಿ, ನೆರಳು ಬಂದ ಬದಿಗೆ ಹೊಡೆಸುತ್ತ ಸುತ್ತಬೇಕು.

ಈಗ ಉಳಿದಿದ್ದು

ಕಂಪೌಂಡ್ ಗೋಡೆ, ಗೇಟು, ಜಾಲರಿಗೆ ಹಬ್ಬಿಸುವ ಮಧುಮಾಲತಿ, ಅಂಗಳಕ್ಕೆ ಪಾಲಿಶ್ ಇಲ್ಲದ ಒರಟು ಫರಸಿ. ಇವು ನವೆಂಬರ್‌ಗೆ. ಗೇಟಿನ ಕಂಬದ ಗುಂಡಿಯನ್ನು ಹಸಿ ಎರೆಯಲ್ಲಿ ತೋಡಿದರೆ ಒಣಗಿದಾಗ ಕಂಬ ವಾಲುತ್ತದೆ, ಮಳೆ ಮುಗಿದು ನೆಲ ಹದಕ್ಕೆ ಬರಲಿ ಅಂತ ಕಾಯುತ್ತಿದ್ದೇವೆ. ಮೊನ್ನೆ ರಾತ್ರಿ ಈ ವರ್ಷದ ಮೊದಲ ದೊಡ್ಡ ಮಳೆ ಬಂತು. ಟಾರ್ಚ್ ಹಿಡಿದು ಏಳೂ ಕೋಣೆಯ ಸೀಲಿಂಗ್ ನೋಡಿದೆ, ಎಲ್ಲ ಒಣ. ಬೆಳಗ್ಗೆ ಗೌಂಡಿಗೆ ಫೋನ್ ಮಾಡಿ ಉಳಿಸಿಕೊಂಡಿದ್ದ ಮಾಳಿಗೆಯ ದುಡ್ಡು ತಗೊಂಡು ಹೋಗಲು ಹೇಳಿದೆ.